ಬೆಂಗಳೂರು, ಪುಣೆ ಒಳಗೆ ಹೋಗದೆ ದೂರದ ಊರಿಗೆ: ಶಿವಮೊಗ್ಗದಿಂದ ಕ್ಯಾರವಾನ್ ದಾರಿ ಹಾಕಿಕೊಳ್ಳೋದು ಹೇಗೆ

ಶಿವಮೊಗ್ಗದಿಂದ ತಿರುಪತಿಗೆ ದಾರಿ ಕೇಳಿದರೆ ಫೋನು ಸಾಮಾನ್ಯವಾಗಿ ಹೇಳೋದು ಒಂದೇ: ತುಮಕೂರು, ನೆಲಮಂಗಲ, ಬೆಂಗಳೂರು, ಆಮೇಲೆ ಕೋಲಾರ. ಕಾರಿಗಾದರೆ ಹೇಗೋ ನಡೆಯುತ್ತದೆ. ಹಾಸಿಗೆ, ಸ್ಟವ್, ನೀರಿನ ಟ್ಯಾಂಕು, ಮಕ್ಕಳ ಸೈಕಲ್ಲು, ಅಜ್ಜಿಯ ಮಾತ್ರೆ ಡಬ್ಬಿ ಎಲ್ಲ ಹೊತ್ತ ಕ್ಯಾರವಾನ್ ಸಂಜೆ ಆರು ಗಂಟೆಗೆ ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿ ಸಿಕ್ಕಿಕೊಂಡರೆ ರಜೆಯ ಅರ್ಧ ಖುಷಿ ಅಲ್ಲೇ ಮುಗಿಯಿತು. ಆದರೆ ಬೆಂಗಳೂರಿನ ಮುಖವನ್ನೇ ನೋಡದೆ ಚಿತ್ತೂರಿಗೆ ಹೋಗುವ ಹೆದ್ದಾರಿ ನಮ್ಮೂರ ಮೇಲೇ ಹಾದು ಹೋಗುತ್ತದೆ. ರಾಷ್ಟ್ರೀಯ ಹೆದ್ದಾರಿ 69. ಹೊನ್ನಾವರದಿಂದ ಘಟ್ಟ ಹತ್ತಿ ಬರುತ್ತದಲ್ಲ, ಅದೇ.

ಹಾಗಾಗಿ ಫೋನಿಗೆ ಹೊರಡುವ ಊರು, ಸೇರುವ ಊರು ಕೊಡೋ ಮುಂಚೆ ಒಂದು ಹಾಳೆ ತಗೊಳ್ಳಿ. ಯಾವ ಯಾವ ಊರಿನೊಳಗೆ ಹೋಗಲ್ಲ ಅಂತ ಮೊದಲು ಬರೆಯಿರಿ. ಬೆಂಗಳೂರು, ಪುಣೆ, ಹುಬ್ಬಳ್ಳಿ, ಮಂಗಳೂರು, ಹೀಗೆ. ಆಮೇಲೆ ಅವುಗಳ ಸುತ್ತ ಇರುವ ತಾಲ್ಲೂಕು ಕೇಂದ್ರಗಳನ್ನು ಒಂದಕ್ಕೊಂದು ಸೇರಿಸುತ್ತಾ ಹೋಗಿ. ಎಷ್ಟು ಮಾಡಿದರೂ ಒಂದೆರಡು ದೊಡ್ಡ ಊರು ಉಳಿದೇ ಉಳಿಯುತ್ತವೆ. ಅವನ್ನು ಬೆಳಗ್ಗೆ ಏಳರ ಒಳಗೆ ದಾಟುವ ಹಾಗೆ ಹಿಂದಿನ ರಾತ್ರಿಯ ತಂಗುವ ಜಾಗ ನೋಡಿಕೊಳ್ಳಿ. ಕ್ಯಾರವಾನಿನ ನಿಜವಾದ ಲಾಭ ಇದೇ ಅಲ್ವಾ? ಲಾಡ್ಜು ಹುಡುಕಿಕೊಂಡು ಊರೊಳಗೆ ನುಗ್ಗಬೇಕಾಗಿಲ್ಲ. ಇಪ್ಪತ್ತು ಕಿಲೋಮೀಟರ್ ಹಿಂದೆಯೇ ಮಲಗಿ, ನಾಲ್ಕೂವರೆಗೆ ಎದ್ದು ಕಾಫಿ ಮಾಡಿಕೊಂಡು, ಹಾಲಿನ ವ್ಯಾನುಗಳ ಜೊತೆ ಊರು ದಾಟಿಬಿಡಬಹುದು.

ಗಾಡಿಯ ಅಳತೆ, ಕಾಗದ ಪತ್ರ

ಇದನ್ನು ಬೇಗ ಮುಗಿಸೋಣ. ಟೇಪು ಹಿಡಿದು ಗಾಡಿಯ ಎತ್ತರ ಅಳೆಯಿರಿ. ಕಂಪನಿ ಪುಸ್ತಕದ ಅಳತೆ ಸಾಲದು, ಮೇಲಿರುವ ಏಸಿ, ಸೋಲಾರ್ ಪ್ಯಾನೆಲ್, ಕ್ಯಾರಿಯರ್ ಎಲ್ಲ ಸೇರಿಸಿ. ಆ ಸಂಖ್ಯೆಯನ್ನು ಸ್ಟೇರಿಂಗ್ ಪಕ್ಕ ಅಂಟಿಸಿ. ರೈಲ್ವೆ ಅಂಡರ್‌ಪಾಸ್ ಮುಂದೆ ಕಬ್ಬಿಣದ ಅಡ್ಡಪಟ್ಟಿ ಕಂಡಾಗ ಲೆಕ್ಕ ಹಾಕುತ್ತಾ ನಿಲ್ಲೋಕೆ ಹಿಂದಿನವರು ಬಿಡೋದಿಲ್ಲ. ಮಳೆಗಾಲದಲ್ಲಿ ಎತ್ತರ ಸರಿಯಿದ್ದರೂ ಅಂಡರ್‌ಪಾಸಿನಲ್ಲಿ ನೀರು ನಿಂತಿರುತ್ತದೆ, ನೀರಿನ ಆಳ ಗೊತ್ತಿಲ್ಲದಿದ್ದರೆ ಇಳಿಸಲೇಬೇಡಿ.

ವ್ಯಾನನ್ನು ತಂದು ಒಳಗೆ ಮಂಚ, ಅಡುಗೆ ಕಟ್ಟೆ ಮಾಡಿಸಿದ್ದರೆ ಆ ಬದಲಾವಣೆ ಆರ್‌ಸಿಯಲ್ಲಿ ಸೇರಿರಬೇಕು. ಬೇರೆ ರಾಜ್ಯದ ಗಡಿಯಲ್ಲಿ ಯಾರಾದರೂ ಬಾಗಿಲು ತೆಗೆಸಿ ನೋಡಿದರೆ ಮೊದಲು ಕೇಳೋದು ಅದನ್ನೇ. ಫಾಸ್ಟ್ಯಾಗ್ ಯಾವ ವರ್ಗದ್ದು ಅಂತಲೂ ಒಮ್ಮೆ ನೋಡಿಕೊಳ್ಳಿ.

ತಿರುಪತಿ ದಾರಿ, ಹಂತ ಹಂತವಾಗಿ

ಶಿವಮೊಗ್ಗ ಬಿಡೋದು ಬೆಳಗ್ಗೆ ಐದಕ್ಕೆ. ಬಿ.ಎಚ್. ರೋಡ್ ಆಗ ಖಾಲಿ. ಭದ್ರಾವತಿ, ತರೀಕೆರೆ, ಬೀರೂರು, ಕಡೂರು ಎಲ್ಲ ಒಂದೇ ಸರದಲ್ಲಿ ಬರುತ್ತವೆ, ಶಾಲೆ ಬಸ್ಸುಗಳು ರಸ್ತೆಗಿಳಿಯುವ ಮುಂಚೆ ಕಡೂರು ದಾಟಿದರೆ ಅರ್ಧ ತಲೆನೋವು ತಪ್ಪಿತು. ಬಾಣಾವರದಲ್ಲಿ ಸ್ವಲ್ಪ ಹುಷಾರಾಗಿರಿ. ಹೆಚ್ಚಿನವರು ಅಭ್ಯಾಸಬಲದಿಂದ ಅರಸೀಕೆರೆ ಕಡೆ ಹೋಗಿಬಿಡುತ್ತಾರೆ, ಅದು ತಿಪಟೂರು, ತುಮಕೂರು ಅಂತ ಬೆಂಗಳೂರಿಗೇ ಕರೆದೊಯ್ಯುತ್ತದೆ. ನೀವು ಹುಳಿಯಾರು ಕಡೆ ತಿರುಗಬೇಕು. ಅಲ್ಲಿಂದ ಶಿರಾ. ಶಿರಾದಲ್ಲಿ ಬೆಂಗಳೂರು–ಪುಣೆ ಹೆದ್ದಾರಿ ಅಡ್ಡ ಬರುತ್ತದೆ, ಅದನ್ನು ದಾಟಿ ಮಧುಗಿರಿ, ಆಮೇಲೆ ಗೌರಿಬಿದನೂರು.

ಈ ಬಯಲುಸೀಮೆ ತುಂಡಿನಲ್ಲಿ ಸಿಟಿ ಟ್ರಾಫಿಕ್ ಇಲ್ಲ, ಆದರೆ ಬೇರೆ ಥರದ ಅಡ್ಡಿ ಇದೆ. ಸುಗ್ಗಿ ಕಾಲದಲ್ಲಿ ಒಳರಸ್ತೆ ಹಿಡಿದರೆ ರಾಗಿ, ಹುರುಳಿಯನ್ನು ಟಾರಿನ ಮೇಲೇ ಹರಡಿ ಗಾಡಿಗಳ ಚಕ್ರದಿಂದಲೇ ಒಕ್ಕಣೆ ಮಾಡಿಸಿಕೊಳ್ಳುತ್ತಾರೆ. ಹುರುಳಿ ಬಳ್ಳಿ ಗಾಡಿಯ ಅಡಿಯಲ್ಲಿ ಸುತ್ತಿಕೊಂಡು ಸೈಲೆನ್ಸರ್ ಬಿಸಿಗೆ ಹೊಗೆಯಾಡಿದರೆ ಕಷ್ಟ. ಅಂಥ ಕಡೆ ದಾಟಿದ ಮೇಲೆ ಒಂದು ಸಲ ಇಳಿದು ಬಗ್ಗಿ ನೋಡಿ. ಸಂತೆ ದಿನ ಯಾವುದು ಅಂತಲೂ ಮುಂಚೆ ಕೇಳಿಟ್ಟುಕೊಳ್ಳಿ. ಸಣ್ಣ ಊರಿನ ಸಂತೆಯಲ್ಲಿ ತರಕಾರಿ ರಾಶಿ ರಸ್ತೆಯ ಅಂಚಿನವರೆಗೂ ಬಂದಿರುತ್ತದೆ, ಅಲ್ಲಿ ಹಾರ್ನ್ ಹೊಡೆದು ಪ್ರಯೋಜನ ಇಲ್ಲ.

ಮೊದಲ ರಾತ್ರಿ ಮಧುಗಿರಿ–ಗೌರಿಬಿದನೂರು ನಡುವೆ ನಿಲ್ಲಿ. ಇನ್ನೂ ಬೆಳಕಿದೆ ಅಂತ ಮುಂದಕ್ಕೆ ಹೋಗಬೇಡಿ. ಯಾಕೆ ಅಂದರೆ ಮುಂದೆ ಚಿಕ್ಕಬಳ್ಳಾಪುರ. ಅಲ್ಲಿ ಹೈದರಾಬಾದ್ ಹೆದ್ದಾರಿ ಸಿಗುತ್ತದೆ, ಜೊತೆಗೆ ನಂದಿ ಬೆಟ್ಟ, ಈಶಾದ ಆದಿಯೋಗಿ ಪ್ರತಿಮೆ ನೋಡೋಕೆ ಶನಿವಾರ ಭಾನುವಾರ ಅರ್ಧ ಬೆಂಗಳೂರು ಅಲ್ಲಿಗೇ ಬಂದಿರುತ್ತದೆ. ವಾರದ ನಡುವೆ, ಬೆಳಗ್ಗೆ ಆರರ ಸುಮಾರಿಗೆ ದಾಟಿದರೆ ಏನೂ ಅನ್ನಿಸೋದಿಲ್ಲ. ಅಲ್ಲಿಂದ ಚಿಂತಾಮಣಿ, ಮುಳಬಾಗಿಲು. ಅಡುಗೆಮನೆ ಬೆನ್ನ ಹಿಂದೆಯೇ ಇದ್ದರೂ ಮುಳಬಾಗಿಲಲ್ಲಿ ದೋಸೆ ತಿನ್ನದೆ ಮುಂದೆ ಹೋಗಬೇಡಿ. ನಂಗಲಿ ದಾಟಿದರೆ ಆಂಧ್ರ. ಪಲಮನೇರು ಆದ ಮೇಲೆ ಮೊಗಿಲಿ ಘಾಟಿಯ ಇಳಿಜಾರು ಬರುತ್ತದೆ, ಗೇರ್ ಇಳಿಸಿಕೊಂಡೇ ಹೋಗಿ. ಚಿತ್ತೂರಿನಿಂದ ತಿರುಪತಿ ಒಳ್ಳೆ ರಸ್ತೆ. ಗಾಡಿಯನ್ನು ಕೆಳಗೇ ಬಿಟ್ಟು ಬೆಟ್ಟಕ್ಕೆ ಬಸ್ಸಿನಲ್ಲಿ ಹೋಗಿಬನ್ನಿ, ಇಷ್ಟು ದೊಡ್ಡ ಗಾಡಿಯನ್ನು ತಿರುಮಲದಲ್ಲಿ ನಿಲ್ಲಿಸೋಕೆ ಒದ್ದಾಡೋದು ಯಾಕೆ?

ವಯಸ್ಸಾದವರು ಜೊತೆಗಿದ್ದಾರೆ, ಸಣ್ಣ ಹೆದ್ದಾರಿಯ ಹಂಪು, ಕುಲುಕಾಟ ಬೇಡ ಅನ್ನೋದಾದರೆ ಇನ್ನೊಂದು ದಾರಿ ಇದೆ. ತುಮಕೂರು ದಾಟಿ ಬನ್ನಿ, ಆದರೆ ನೆಲಮಂಗಲದವರೆಗೆ ಹೋಗದೆ ದಾಬಸ್‌ಪೇಟೆಯಲ್ಲೇ ಸ್ಯಾಟಲೈಟ್ ರಿಂಗ್ ರೋಡ್ ಹಿಡಿಯಿರಿ. ದೊಡ್ಡಬಳ್ಳಾಪುರ, ದೇವನಹಳ್ಳಿ ಮೇಲೆ ಹೊಸಕೋಟೆಗೆ ಹೋಗಿ ಬೀಳುತ್ತೀರಿ, ಅಲ್ಲಿಂದ ಕೋಲಾರದ ಹೆದ್ದಾರಿ. ಟೋಲ್ ಜಾಸ್ತಿ, ನೋಡೋಕೆ ಏನೂ ಇಲ್ಲ, ಆದರೆ ಹಿಂದೆ ಮಲಗಿದವರಿಗೆ ಎಚ್ಚರ ಆಗೋದಿಲ್ಲ. ಮೊದಲ ಸಲ ದೊಡ್ಡ ಗಾಡಿ ಓಡಿಸುವವರಿಗೆ ನಾನು ಇದನ್ನೇ ಹೇಳುತ್ತೇನೆ.

ಫೋನಿನ ಮಾತು ಎಷ್ಟು ಕೇಳಬೇಕು

ಮ್ಯಾಪಿನಲ್ಲಿ ನಡುವಿನ ಊರುಗಳನ್ನು ಸ್ಟಾಪ್ ಅಂತ ಹಾಕುತ್ತೀರಲ್ಲ, ಅಲ್ಲೊಂದು ತೊಡಕಿದೆ. ಸುಮ್ನೆ 'ಚಿಂತಾಮಣಿ' ಅಂತ ಹಾಕಿದರೆ ಅದು ನಿಮ್ಮನ್ನು ಊರ ನಡುವಿಗೇ ಎಳೆಯುತ್ತದೆ. ಊರಿನ ಹೆಸರು ಬೇಡ, ಊರು ದಾಟಿದ ಮೇಲೆ ಹೆದ್ದಾರಿಯಲ್ಲಿರುವ ಯಾವುದಾದರೂ ಪೆಟ್ರೋಲ್ ಬಂಕ್ ಮೇಲೆ ಬೆರಳಿಟ್ಟು ಅದನ್ನೇ ಸ್ಟಾಪ್ ಮಾಡಿ. ಬೈಪಾಸ್ ಇದ್ದರೆ ಬಂಕ್ ಬೈಪಾಸ್ ಮೇಲೇ ಇರಲಿ. ಆಮೇಲೆ ಸ್ಯಾಟಲೈಟ್ ಚಿತ್ರ ಹಾಕಿ, ತಿರುವುಗಳನ್ನು ದೊಡ್ಡದು ಮಾಡಿ ಒಂದೊಂದಾಗಿ ನೋಡಿ. ಸಂಜೆ ಒಂದು ಗಂಟೆಯ ಕೆಲಸ, ಮನೆಯಲ್ಲಿ ಕೂತು ಮಾಡಿದರೆ ಖುಷಿಯಾಗೇ ಇರುತ್ತದೆ.

ದಾರಿ ನಡುವೆ "ಮೂರು ನಿಮಿಷ ಉಳಿಯುತ್ತದೆ" ಅಂತ ಅದು ಬೇರೆ ದಾರಿ ತೋರಿಸಿದರೆ ಒಪ್ಪಬೇಡಿ. ಮಲೆನಾಡಿನಲ್ಲಂತೂ ಬೇಡವೇ ಬೇಡ. ಆ ಮೂರು ನಿಮಿಷ ಉಳಿಸೋಕೆ ಹೋಗಿ ಯಾರದೋ ಅಡಿಕೆ ತೋಟದ ದಾರಿಗೆ ಇಳಿದಿರುತ್ತೀರಿ, ಒಂದು ಪಕ್ಕ ಕಾಲುವೆ, ಇನ್ನೊಂದು ಪಕ್ಕ ಧರೆ, ತಲೆ ಮೇಲೆ ಜೋತುಬಿದ್ದ ಕರೆಂಟ್ ವೈರು, ಎದುರಿಗೆ ಹುಲ್ಲು ಹೇರಿಕೊಂಡ ಪಿಕಪ್ಪು, ಹಿಂದಕ್ಕೆ ತೆಗೆಯೋಣ ಅಂದರೆ ಸಿಗ್ನಲ್ ಇಲ್ಲದೆ ಮ್ಯಾಪೂ ನಿಂತಿರುತ್ತದೆ. ಆಫ್‌ಲೈನ್ ಮ್ಯಾಪ್ ಇಳಿಸಿಟ್ಟುಕೊಳ್ಳಿ, ಊರುಗಳ ಪಟ್ಟಿಯನ್ನು ದೊಡ್ಡ ಅಕ್ಷರದಲ್ಲಿ ಕಾಗದದ ಮೇಲೂ ಬರೆಯಿರಿ. ಪಕ್ಕದಲ್ಲಿ ಕೂತವರಿಗೆ ಒಂದು ಕೆಲಸವೂ ಆಯಿತು.

ಮ್ಯಾಪ್ ಹೇಳುವ ಗಂಟೆ ಕಾರಿನದ್ದು. ಅದಕ್ಕೆ ಮೂರನೇ ಒಂದು ಭಾಗ ಸೇರಿಸಿ, ದಿನಕ್ಕೆ 250–300 ಕಿಲೋಮೀಟರಿಗಿಂತ ಜಾಸ್ತಿ ಇಟ್ಟುಕೊಳ್ಳಬೇಡಿ. ಘಟ್ಟ ಇರುವ ದಿನ ಇನ್ನೂ ಕಮ್ಮಿ.

ಘಟ್ಟ ಇಳಿಯೋದಿದ್ದರೆ

ಕರಾವಳಿಗೆ ಹೊರಟವರಿಗೆ ಊರಿನ ಟ್ರಾಫಿಕ್‌ಗಿಂತ ಘಟ್ಟದ್ದೇ ಯೋಚನೆ. ಆಗುಂಬೆ ಹತ್ತಿರದ ದಾರಿ ನಿಜ, ಆದರೆ 14 ತಿರುವು, ಭಾರಿ ವಾಹನಕ್ಕೆ ನಿರ್ಬಂಧ, ಮಳೆಗಾಲದಲ್ಲಿ ಇನ್ನೂ ಬಿಗಿ. ಉದ್ದದ ಕ್ಯಾರವಾನಿಗೆ ಹೊಸನಗರ, ಹುಲಿಕಲ್ ಮೇಲೆ ಕುಂದಾಪುರಕ್ಕೆ ಇಳಿಯೋದು ವಾಸಿ, ಲಾರಿಗಳು ಓಡಾಡುವ ದಾರಿ ಅದು. ಗೋವಾ ಕಡೆಗಾದರೆ ಸಾಗರ, ಜೋಗ, ಮಾವಿನಗುಂಡಿ, ಗೇರುಸೊಪ್ಪ, ಹೊನ್ನಾವರ. ಕಾಡು ದಟ್ಟ, ರಸ್ತೆ ಕಿರಿದು, ಸಿಂಗಳೀಕ ಕಂಡರೂ ಅಲ್ಲಿ ಗಾಡಿ ನಿಲ್ಲಿಸಬೇಡಿ. 2025ರ ಜುಲೈನಲ್ಲಿ ಸಿಗಂದೂರು ಸೇತುವೆ ಶುರುವಾದ ಮೇಲೆ ಲಾಂಚಿಗೆ ಕಾಯೋದು ತಪ್ಪಿದೆ. ಸಾಗರದಿಂದ ತುಮರಿ ಮೇಲೆ ಕೊಲ್ಲೂರಿಗೆ ಹೋಗಬಹುದು. ಸೇತುವೆ ಭರ್ಜರಿಯಾಗಿದೆ ಅಂತ ಮುಂದಿನ ರಸ್ತೆಯೂ ಹಾಗೇ ಇರುತ್ತದೆ ಅಂದುಕೊಳ್ಳಬೇಡಿ, ಕಾರು ಬೈಕಿನಲ್ಲಿ ಒಮ್ಮೆ ನೋಡಿಬಂದು ಆಮೇಲೆ ಕ್ಯಾರವಾನ್ ತಗೊಂಡು ಹೋಗಿ.

ಇಳಿಯುವ ಮುಂಚೆ ನೀರಿನ ಟ್ಯಾಂಕ್ ಖಾಲಿ ಮಾಡಿ. ನೂರು ಲೀಟರ್ ನೀರು ಅಂದರೆ ನೂರು ಕೆಜಿ, ಅದನ್ನು ಸುಮ್ನೆ ಬ್ರೇಕ್ ಮೇಲೆ ಹಾಕೋದು ಯಾಕೆ? ಅರ್ಧ ತುಂಬಿದ ಟ್ಯಾಂಕ್ ಇನ್ನೂ ಕೆಟ್ಟದು, ಪ್ರತಿ ತಿರುವಿನಲ್ಲೂ ನೀರೆಲ್ಲ ಒಂದು ಪಕ್ಕಕ್ಕೆ ನುಗ್ಗಿ ಗಾಡಿಯನ್ನು ಎಳೆಯುತ್ತದೆ. ಕೆಳಗೆ ಹೋಗಿ ತುಂಬಿಸಿಕೊಂಡರಾಯಿತು. ಗ್ಯಾಸ್ ರೆಗ್ಯುಲೇಟರ್ ಬಂದ್ ಮಾಡಿ, ಡ್ರಾಯರ್‌ಗಳ ಚಿಲಕ ಹಾಕಿ, ಕುಕ್ಕರನ್ನು ಸಿಂಕಿನೊಳಗೆ ಬಟ್ಟೆ ಸುತ್ತಿ ಇಡಿ. ನಾಲ್ಕನೇ ತಿರುವಿನಲ್ಲಿ ಅದು ಉರುಳಿ ಢಣ್ ಅಂದರೆ ಓಡಿಸುವವರ ಕಣ್ಣು ರಸ್ತೆ ಬಿಟ್ಟು ಹಿಂದಕ್ಕೆ ಹೋಗೇ ಹೋಗುತ್ತದೆ. ಹತ್ತೋಕೆ ಯಾವ ಗೇರ್ ಬೇಕೋ ಇಳಿಯೋಕೂ ಅದೇ ಗೇರ್. ಬ್ರೇಕ್ ಸುಟ್ಟ ವಾಸನೆ ಬಂದರೆ ಅಗಲ ಜಾಗ ನೋಡಿ ನಿಲ್ಲಿಸಿ, ಅರ್ಧ ಗಂಟೆ ಆರಲಿ. ಹತ್ತಿ ಬರುವವರಿಗೆ ಮೊದಲು ದಾರಿ ಬಿಡಿ.

ಮಳೆಗಾಲದಲ್ಲಿ ಗುಡ್ಡ ಕಡಿದು ಮಾಡಿದ ರಸ್ತೆಯ ಪಕ್ಕ ಚಹಾಕ್ಕೂ ನಿಲ್ಲಬೇಡಿ. 2024ರ ಜುಲೈನಲ್ಲಿ ಅಂಕೋಲಾ ಹತ್ತಿರ ಶಿರೂರಿನಲ್ಲಿ ಗುಡ್ಡ ಕುಸಿದಾಗ ಹೆದ್ದಾರಿ ಪಕ್ಕದ ಹೋಟೆಲು, ನಿಂತಿದ್ದ ಗಾಡಿಗಳು ಎಲ್ಲ ಕೊಚ್ಚಿಹೋಗಿದ್ದು ನಮಗೆಲ್ಲ ಗೊತ್ತು.

ಉತ್ತರಕ್ಕೆ, ದಕ್ಷಿಣಕ್ಕೆ

ರಾಜಸ್ಥಾನದ ಕಡೆ ಹೊರಟವರು ಪುಣೆ, ಮುಂಬೈ ಎರಡನ್ನೂ ಬಿಡಬಹುದು. ಚಿತ್ರದುರ್ಗಕ್ಕೆ ಹೋಗಿ ಹೆದ್ದಾರಿ 50 ಹಿಡಿಯಿರಿ: ಹೊಸಪೇಟೆ, ಕುಷ್ಟಗಿ, ಇಳಕಲ್, ವಿಜಯಪುರ. ಅಲ್ಲಿಂದ ಹೆದ್ದಾರಿ 52. ಅದೊಂದೇ ಸೊಲ್ಲಾಪುರ, ಬೀಡ್, ಧುಳೆ, ಇಂದೋರ್, ಕೋಟಾ ದಾಟಿಸಿ ಜೈಪುರಕ್ಕೆ ಮುಟ್ಟಿಸುತ್ತದೆ. ಇದರಲ್ಲಿ ಇಂದೋರ್, ಕೋಟಾ ಮಾತ್ರ ಮುಂಜಾನೆಯ ಲೆಕ್ಕಕ್ಕೆ ಬರುತ್ತವೆ. ಕಬ್ಬು ಕಡಿಯುವ ಕಾಲದಲ್ಲಿ, ಅಂದರೆ ಚಳಿಗಾಲ ಪೂರ್ತಿ, ವಿಜಯಪುರ–ಸೊಲ್ಲಾಪುರ ಕಡೆ ಎರಡೆರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರುಗಳು ಹಿಂದೆ ದೀಪವೇ ಇಲ್ಲದೆ ಹೋಗುತ್ತಿರುತ್ತವೆ. ಕತ್ತಲಾದ ಮೇಲೆ ಅಲ್ಲಿ ಓಡಿಸಲೇಬೇಡಿ.

ಸಾಗರ, ಹೊಸನಗರದವರು ಉತ್ತರಕ್ಕೆ ಹೋಗೋಕೆ ಶಿವಮೊಗ್ಗಕ್ಕೆ ಬರುವ ಅಗತ್ಯವೇ ಇಲ್ಲ. ಆನಂದಪುರ, ಶಿಕಾರಿಪುರ, ಮಾಸೂರು ಮೇಲೆ ರಾಣೆಬೆನ್ನೂರಿಗೆ ಹೋಗಿ ಬೆಂಗಳೂರು–ಪುಣೆ ಹೆದ್ದಾರಿ ಸೇರಬಹುದು.

ದಕ್ಷಿಣಕ್ಕೆ ಊರಿಗಿಂತ ಕಾಡಿನ ಗೇಟಿನ ಸಮಯ ಮುಖ್ಯ. ಬಂಡೀಪುರ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಬಂದ್, 2009ರಿಂದ ಹೀಗೇ ಇದೆ. ಮೈಸೂರಿಗೆ ಹೊರವರ್ತುಲ ರಸ್ತೆ ಸಾಕು, ದಸರಾ ದಿನಗಳನ್ನು ಬಿಟ್ಟು. ಊಟಿಗೆ ಮಸಿನಗುಡಿ ಮೇಲಿನ ಕಲ್ಹಟ್ಟಿ ಘಾಟಿ ಬೇಡ, 36 ಹೇರ್‌ಪಿನ್ ತಿರುವಿದೆ, ಗೂಡಲೂರು ಮೇಲೆ ಹೋಗಿ. ನೀಲಗಿರಿಗೆ ಇ-ಪಾಸ್ ಮೊದಲೇ ಮಾಡಿಸಿಕೊಳ್ಳಿ. ಸತ್ಯಮಂಗಲ ದಾರಿಯ ದಿಂಬಂ ಘಾಟಿಯಲ್ಲಿ 27 ತಿರುವು, ಅಲ್ಲೂ ರಾತ್ರಿ ಬಿಡೋದಿಲ್ಲ.

ರಾತ್ರಿ ತಂಗೋದು

ನಾಲ್ಕು ಗಂಟೆಗೇ ಜಾಗ ನೋಡೋಕೆ ಶುರುಮಾಡಿ. ದೊಡ್ಡ ಬಂಕುಗಳಲ್ಲಿ ಡೀಸೆಲ್ ಹಾಕಿಸಿ ಕೇಳಿದರೆ ಸಾಮಾನ್ಯವಾಗಿ ಒಂದು ಮೂಲೆ ಕೊಡುತ್ತಾರೆ. ಲಾರಿಗಳ ನಡುವೆ ಬೇಡ, ರಾತ್ರಿಯಿಡೀ ಎಂಜಿನ್ ಸದ್ದು. ದೇವಸ್ಥಾನದ ಯಾತ್ರಿನಿವಾಸ, ಕಲ್ಯಾಣ ಮಂಟಪದ ಅಂಗಳ ಚೆನ್ನಾಗಿರುತ್ತದೆ, ಮದುವೆ ಇಲ್ಲದ ದಿನ. ಮಲೆನಾಡಿನಲ್ಲಾದರೆ ಹೋಂಸ್ಟೇಯವರಿಗೆ ಹಿಂದಿನ ದಿನವೇ ಫೋನ್ ಮಾಡಿ, "ರೂಮ್ ಬೇಡ, ಅಂಗಳದಲ್ಲಿ ಗಾಡಿ ನಿಲ್ಲಿಸಿಕೊಳ್ಳುತ್ತೇವೆ, ಊಟ ನಿಮ್ಮಲ್ಲೇ" ಅನ್ನಿ. ಗೇಟು ಎಷ್ಟು ಅಗಲ, ಕೊನೆಯ ಏರು ಹೇಗಿದೆ ಅಂತ ಕೇಳೋದು ಮರೆಯಬೇಡಿ. "ಕಾರು ಬರುತ್ತೆ ಸಾರ್" ಅಂದರೆ ಅದು ಉತ್ತರ ಅಲ್ಲ. ಗೊಬ್ಬರದ ಲಾರಿ ಬರುತ್ತಾ ಅಂತ ಕೇಳಿ. ಪಾತ್ರೆ ತೊಳೆದ ನೀರನ್ನು ಹಳ್ಳಕ್ಕೆ ಬಿಡಬೇಡಿ, ಅವರಿಗೆ ಹೇಳಿದರೆ ಬಾಳೆ ಬುಡ ತೋರಿಸುತ್ತಾರೆ. ಟಾಯ್ಲೆಟ್ ಟ್ಯಾಂಕ್ ಮಾತ್ರ ಅಲ್ಲಿ ಸುರಿಯೋ ಹಾಗಿಲ್ಲ, ಬಂಕಿನ ಶೌಚಾಲಯದಲ್ಲಿ ಕೇಳಿಕೊಂಡೇ ಖಾಲಿ ಮಾಡಬೇಕು.