ಸಾಗಣೆ ದರದ ಜಗಳ: ಬಿಡಿಸಿ ನೋಡುವುದು ಹೇಗೆ?

ವಸಾಹತು ಕಾಲದ ಚರಿತ್ರೆ ಓದುವಾಗ ರೈಲಿನ ಸಾಗಣೆ ದರದ ಮಾತು ಬಂದರೆ ಎಷ್ಟೋ ಜನ ಪುಟ ಮಗುಚಿ ಮುಂದೆ ಹೋಗುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. 1895ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಸುಮಾರು 52 ಮೈಲಿ ಹಳಿಯ ದರದಿಂದ ಶುರುವಾದ ಜಗಳ ಯುದ್ಧದ ಬಾಗಿಲವರೆಗೆ ಹೋಗಿತ್ತು. ಅದನ್ನೇ ಹಿಡಿದು ಒಂದೊಂದೇ ಹೆಜ್ಜೆ ನೋಡೋಣ.

ಮೊದಲ ಹೆಜ್ಜೆ, ನಕ್ಷೆ ಹರಡಿಕೊಳ್ಳಿ. ಸರಕು ಎಲ್ಲಿಗೆ ಹೋಗಬೇಕು, ಯಾವ ಬಂದರಿನಿಂದ ಬರುತ್ತದೆ, ದಾರಿಯಲ್ಲಿ ಯಾರ್ಯಾರ ನೆಲ ಸಿಗುತ್ತದೆ ಎಂದು ಗುರುತು ಹಾಕಿ. ಇಲ್ಲಿ ಸರಕು ಹೋಗಬೇಕಿದ್ದದ್ದು ಜೋಹಾನ್ಸ್‌ಬರ್ಗ್‌ಗೆ. 1886ರಲ್ಲಿ ಚಿನ್ನ ಸಿಕ್ಕ ಊರು ಅದು. ಅದಿದ್ದ ಟ್ರಾನ್ಸ್‌ವಾಲ್, ಅಂದರೆ ಡಚ್ ಮೂಲದ ಬೋಯರರ ದೇಶಕ್ಕೆ, ಸಮುದ್ರವೇ ಇರಲಿಲ್ಲ. ಬ್ರಿಟಿಷರ ಕೇಪ್‌ಟೌನ್ ಬಂದರು ಅಲ್ಲಿಂದ ಸಾವಿರ ಮೈಲಿಯಷ್ಟು ದೂರ. ಪೋರ್ಚುಗೀಸರ ಲೊರೆನ್ಸೊ ಮಾರ್ಕೆಸ್, ಅಂದರೆ ಇಂದಿನ ಮಪುಟೊ, ನಾನೂರು ಮೈಲಿಗೂ ಕಡಿಮೆ.

ಎರಡನೆಯದು, ಹಳಿ ಯಾರದು ಎಂದು ಕೇಳಿ. ಬ್ರಿಟಿಷರ ಕೇಪ್ ವಸಾಹತಿನ ಸರ್ಕಾರಿ ರೈಲು ನಡುವಿದ್ದ ಇನ್ನೊಂದು ಬೋಯರ್ ದೇಶ ಆರೆಂಜ್ ಫ್ರೀ ಸ್ಟೇಟ್ ದಾಟಿ ಟ್ರಾನ್ಸ್‌ವಾಲ್ ಗಡಿಯ ವಾಲ್ ನದಿಯವರೆಗೆ ಬರುತ್ತಿತ್ತು. ನದಿಯಾಚೆ ಜೋಹಾನ್ಸ್‌ಬರ್ಗ್‌ವರೆಗಿನ 52 ಮೈಲಿ ಹಳಿ ಒಂದು ಡಚ್ ಕಂಪನಿಯದು. ಟ್ರಾನ್ಸ್‌ವಾಲ್ ಅಧ್ಯಕ್ಷ ಪಾಲ್ ಕ್ರೂಗರ್ ಸರ್ಕಾರ ಅದಕ್ಕೆ ಟ್ರಾನ್ಸ್‌ವಾಲ್ ರೈಲಿನ ಏಕಸ್ವಾಮ್ಯ ಕೊಟ್ಟಿತ್ತು. ಆದರೆ ಆ 52 ಮೈಲಿ ಹಾಕಲು ಸಾಲ ಕೊಟ್ಟಿದ್ದು ಕೇಪ್. ಅದಕ್ಕೆ ಬದಲಾಗಿ 1894ರ ಕೊನೆಯವರೆಗೆ ದರ ಗೊತ್ತುಮಾಡುವ ಹಕ್ಕನ್ನು ಅದು ಪಡೆದಿತ್ತು. ಅಷ್ಟರಲ್ಲಿ ಪೋರ್ಚುಗೀಸ್ ಬಂದರಿಗೂ ಹಳಿ ಕೂಡಿಕೊಂಡಿತು. ಆ ದಾರಿಯಲ್ಲಿ ಸರಕು ಬಂದರೆ ಡಚ್ ಕಂಪನಿಗೆ ಟ್ರಾನ್ಸ್‌ವಾಲ್ ಗಡಿಯಿಂದ ಒಳಗೆ ಉದ್ದಕ್ಕೂ ಆದಾಯ. ಕೇಪ್ ದಾರಿಯಲ್ಲಿ ಬಂದರೆ ಬರೀ 52 ಮೈಲಿಯದ್ದು.

ಈಗ ಲೆಕ್ಕ. ಇದನ್ನು ಮಾತ್ರ ಬಿಡಬೇಡಿ. ಕಾಗದ ತೆಗೆದುಕೊಂಡು ಟನ್ನಿಗೆ, ಮೈಲಿಗೆ ಎಷ್ಟು ಎಂದು ಬರೆಯಿರಿ. ಕೇಪ್‌ನ ಹಕ್ಕು ಮುಗಿದ ಮೇಲೆ ಎರಡೂವರೆ ಪೆನ್ನಿ ಹತ್ತಿರವಿದ್ದ ದರ ಎಂಟು ಪೆನ್ನಿ ಹತ್ತಿರಕ್ಕೆ ಏರಿತು. 52ರಿಂದ ಗುಣಿಸಿ. ಹನ್ನೆರಡು ಪೆನ್ನಿಗೆ ಒಂದು ಶಿಲ್ಲಿಂಗ್. ಟನ್ನಿಗೆ 11 ಶಿಲ್ಲಿಂಗ್ ಹತ್ತಿರ ಇದ್ದದ್ದು 35ರ ಹತ್ತಿರ ಹೋಗುತ್ತದೆ. ನೂರಾರು ಮೈಲಿ ದರ ಇಳಿಸಿ ಕೇಪ್ ರೈಲು ಉಳಿಸಿಕೊಟ್ಟದ್ದನ್ನು ಕೊನೆಯ 52 ಮೈಲಿ ನುಂಗಿಬಿಡುತ್ತದೆ. ಇಡೀ ದಾರಿಯ ಸರಾಸರಿ ನೋಡಿದರೆ ಇದು ಕಣ್ಣಿಗೆ ಬೀಳುವುದೇ ಇಲ್ಲ. ಅದಕ್ಕೇ ತುಂಡು ತುಂಡಾಗಿ ಲೆಕ್ಕ ಹಾಕಬೇಕು.

ಆಮೇಲೆ ವ್ಯಾಪಾರಿಗಳು ಏನು ಮಾಡಿದರು ನೋಡಿ. ಅವರು ವಾಲ್ ನದಿಯ ಈಚೆ ದಡದಲ್ಲೇ ಸರಕು ಇಳಿಸಿದರು. ಎತ್ತಿನ ಗಾಡಿಗೆ ಹೇರಿ, ಹೊಳೆ ಹಾಯುವ ಜಾಗಗಳಲ್ಲಿ ದಾಟಿಸಿ ಜೋಹಾನ್ಸ್‌ಬರ್ಗ್‌ಗೆ ಸಾಗಿಸಿದರು. ರೈಲಿಗಿಂತ ಗಾಡಿಯೇ ಅಗ್ಗ ಅನ್ನಿಸುವಷ್ಟು ದರ ಏರಿತ್ತು ಎನ್ನಲು ಇದಕ್ಕಿಂತ ಸಾಕ್ಷಿ ಬೇಕಾ? ಕ್ರೂಗರ್ 1895ರ ಅಕ್ಟೋಬರ್ 1ರಿಂದ ಸಮುದ್ರದಾಚೆಯಿಂದ ಬಂದ ಸರಕಿಗೆ ಆ ಜಾಗಗಳನ್ನೇ ಮುಚ್ಚಿಸಿದರು.

ಇಲ್ಲಿ ಒಪ್ಪಂದದ ಕಾಗದ ತೆಗೆಯಿರಿ. ಬ್ರಿಟನ್ ಮತ್ತು ಟ್ರಾನ್ಸ್‌ವಾಲ್ ನಡುವಿನ 1884ರ ಲಂಡನ್ ಒಪ್ಪಂದದ 13ನೇ ಕಲಮಿನ ಪ್ರಕಾರ ಬ್ರಿಟಿಷ್ ನೆಲದಿಂದ ಬರುವ ಸರಕನ್ನು ಟ್ರಾನ್ಸ್‌ವಾಲ್ ತಡೆಯುವುದಾದರೆ ಬೇರೆ ಕಡೆಯಿಂದ ಬರುವ ಅದೇ ಸರಕನ್ನೂ ತಡೆಯಬೇಕು. ರೈಲಿನ ದರ ಏರಿಸುವುದಕ್ಕೆ ಈ ಕಲಮು ಅಡ್ಡಬರುವುದಿಲ್ಲ. ಹೊಳೆ ದಾಟುವುದನ್ನು ನಿಲ್ಲಿಸಿದರೆ ಅಡ್ಡಬರುತ್ತದೆ. ನನ್ನ ಪ್ರಕಾರ ಇಡೀ ಪ್ರಕರಣದ ಗಂಟು ಇರುವುದು ಇಲ್ಲೇ. ಸುಂಕದಿಂದ ಮಾಡಲಾಗದ ಕೆಲಸವನ್ನು ದರಪಟ್ಟಿ ಸದ್ದಿಲ್ಲದೆ ಮಾಡುತ್ತಿತ್ತು. ಹುಕುಂ ಹೊರಟ ಮೇಲೆಯೇ ಲಂಡನ್ನಿಗೆ ಹಿಡಿಯಲು ತುದಿ ಸಿಕ್ಕಿದ್ದು. ಬ್ರಿಟನ್ನಿನ ವಸಾಹತು ಮಂತ್ರಿ ಜೋಸೆಫ್ ಚೇಂಬರ್ಲೇನ್, ಯುದ್ಧವಾದರೆ ಅರ್ಧ ಖರ್ಚು ನೀವೇ ಕೊಡಬೇಕು, ಸೈನಿಕರನ್ನು ನಿಮ್ಮ ರೈಲಿನಲ್ಲಿ ಪುಕ್ಕಟೆ ಒಯ್ಯಬೇಕು ಎಂದು ಕೇಪ್‌ಗೆ ಷರತ್ತು ಹಾಕಿದರು. ಸೆಸಿಲ್ ರೋಡ್ಸ್ ಪ್ರಧಾನಿಯಾಗಿದ್ದ ಕೇಪ್ ಸರ್ಕಾರ ಒಪ್ಪಿತು. ನವೆಂಬರ್‌ನಲ್ಲಿ ಕೊನೆಯ ಎಚ್ಚರಿಕೆ ಹೋಯಿತು, ಕ್ರೂಗರ್ ದಾರಿ ತೆರೆದರು.

ಅಲ್ಲಿಗೇ ನಿಲ್ಲಿಸಬೇಡಿ. ಕೊನೆಗೆ ಬೆಲೆ ತೆತ್ತವರು ಯಾರು ಎಂದೂ ನೋಡಬೇಕು. 1909ರಲ್ಲಿ, ಅಷ್ಟರಲ್ಲಿ ಬ್ರಿಟಿಷರ ಕೈಸೇರಿದ್ದ ಟ್ರಾನ್ಸ್‌ವಾಲ್ ಮತ್ತು ಪೋರ್ಚುಗೀಸ್ ಮೊಜಾಂಬಿಕ್ ನಡುವೆ ಒಂದು ಒಪ್ಪಂದವಾಯಿತು. ಜೋಹಾನ್ಸ್‌ಬರ್ಗ್ ಭಾಗಕ್ಕೆ ಸಮುದ್ರದಿಂದ ಬರುವ ಸರಕಿನಲ್ಲಿ ಶೇ 50ರಿಂದ 55ರಷ್ಟು ಲೊರೆನ್ಸೊ ಮಾರ್ಕೆಸ್‌ಗೆ ಗ್ಯಾರಂಟಿ. ಬದಲಿಗೆ ಚಿನ್ನದ ಗಣಿಗಳಿಗೆ ಮೊಜಾಂಬಿಕ್‌ನಿಂದ ಆಳುಗಳನ್ನು ಕರೆದೊಯ್ಯಲು ಅನುಮತಿ. ಸರಕಿನ ಪಾಲಿಗೆ ಮನುಷ್ಯರ ದುಡಿಮೆಯನ್ನು ಅದಲುಬದಲು ಮಾಡಿದರು. ಗಣಿಗೆ ಇಳಿದ ಆ ಜನರನ್ನು ಯಾರೂ ಒಂದು ಮಾತು ಕೇಳಲಿಲ್ಲ.

ಅಭ್ಯಾಸಕ್ಕೆ ನಮ್ಮ ಕಡೆಯ ಹಳಿಯೂ ಇದೆ. 1878ರ ಬ್ರಿಟಿಷ್–ಪೋರ್ಚುಗೀಸ್ ಒಪ್ಪಂದದಿಂದ ಗೋವೆಯ ಮರ್ಮಗೋವಾ ಬಂದರಿಗೆ ರೈಲು ಬಂತು. ಅದು ಕ್ಯಾಸಲ್‌ರಾಕ್‌ನಲ್ಲಿ ಸದರ್ನ್ ಮರಾಠಾ ರೈಲಿಗೆ ಕೂಡಿಕೊಂಡಿತು. ಧಾರವಾಡ, ಗದಗ ಕಡೆಯ ಹತ್ತಿಗೆ ಎರಡು ಬಾಗಿಲು ತೆರೆದವು: ಘಟ್ಟ ಇಳಿದರೆ ಮರ್ಮಗೋವಾ, ಸೊಲ್ಲಾಪುರದ ಹತ್ತಿರದ ಹೊಟಗಿ ಮೇಲೆ ಹೋದರೆ ಬೊಂಬಾಯಿ. ಆ ಒಪ್ಪಂದ 1892ರಲ್ಲಿ ಮುಗಿಯಿತು. ಗದಗಿನ ಮೇಲೆ ಬೆರಳಿಟ್ಟು ಎರಡೂ ದಾರಿಯ ಮೈಲಿ ಎಣಿಸಿ, ಪ್ರತಿ ತುಂಡು ಯಾವ ಕಂಪನಿಯದು ಎಂದು ಬರೆದುಕೊಂಡು ಶುರುಮಾಡಿ.