ಬ್ರಿಟನ್‌ನಲ್ಲಿ ಉದ್ಯೋಗ ಟ್ರಿಬ್ಯೂನಲ್ ತೀರ್ಪಿನ ವಿರುದ್ಧ ಮೇಲ್ಮನವಿ ಹಾಕುವುದು ಹೇಗೆ

ಇಂಗ್ಲೆಂಡ್, ವೇಲ್ಸ್ ಅಥವಾ ಸ್ಕಾಟ್ಲೆಂಡ್‌ನ ಎಂಪ್ಲಾಯ್‌ಮೆಂಟ್ ಟ್ರಿಬ್ಯೂನಲ್‌ನಲ್ಲಿ ಸೋತವರಿಗೆ ಮುಂದಿನ ಮೆಟ್ಟಿಲು ಎಂಪ್ಲಾಯ್‌ಮೆಂಟ್ ಅಪೀಲ್ ಟ್ರಿಬ್ಯೂನಲ್. ಶುಲ್ಕವಿಲ್ಲ, ವಕೀಲರೇ ಬೇಕೆಂದೂ ಇಲ್ಲ. ಗಡುವು ಮಾತ್ರ ಕಟ್ಟುನಿಟ್ಟು.

ಮೊದಲು ಲಿಖಿತ ಕಾರಣಗಳ, ಅಂದರೆ ತೀರ್ಪು ಹೀಗೇಕೆ ಎಂದು ಟ್ರಿಬ್ಯೂನಲ್ ಬರೆದುಕೊಡುವ ವಿವರಣೆಯ, ಪ್ರತಿ ಕೈಗೆ ಬರಬೇಕು. ವಿಚಾರಣೆಯ ದಿನ ನ್ಯಾಯಾಧೀಶರು ಬಾಯಿಮಾತಿನಲ್ಲೇ ಕಾರಣ ಹೇಳಿ ಮುಗಿಸಿದರೆ, ಆಮೇಲೆ ಬರುವ ತೀರ್ಪಿನ ಹಾಳೆಯಲ್ಲಿ ಫಲಿತಾಂಶವಷ್ಟೇ ಇರುತ್ತದೆ. ಲಿಖಿತ ಕಾರಣ ಬೇಕೆಂದು ಅಲ್ಲೇ ಎದ್ದು ಕೇಳಿ. ತಪ್ಪಿದರೆ ತೀರ್ಪು ಕಳುಹಿಸಿದ 14 ದಿನದೊಳಗೆ ಬರೆದು ಕೇಳಿ. ಹಾಗೆ ಕೇಳಿದ್ದರೆ ಮೇಲ್ಮನವಿಯ 42 ದಿನಗಳ ಲೆಕ್ಕ ಕಾರಣಗಳನ್ನು ಕಳುಹಿಸಿದ ದಿನಾಂಕದಿಂದ ಶುರು. ಕೇಳದಿದ್ದರೆ ತೀರ್ಪು ಕಳುಹಿಸಿದ ದಿನದಿಂದಲೇ ಓಡುತ್ತದೆ. ನಿಮ್ಮ ಕೈಸೇರಿದ ದಿನ ಲೆಕ್ಕಕ್ಕಿಲ್ಲ.

ಕಾರಣಗಳನ್ನು 2026ರ ಮಾರ್ಚ್ 4ರ ಬುಧವಾರ ಕಳುಹಿಸಿದ್ದಾರೆ ಎನ್ನಿ. ಏಪ್ರಿಲ್ 15ರ ಬುಧವಾರ ಸಂಜೆ 4 ಗಂಟೆಯೊಳಗೆ ಎಲ್ಲ ಕಾಗದವೂ ಅಪೀಲ್ ಟ್ರಿಬ್ಯೂನಲ್‌ಗೆ ತಲುಪಿರಬೇಕು. 4 ದಾಟಿ ಬಂದದ್ದು ಮರುದಿನದ ಲೆಕ್ಕಕ್ಕೆ ಹೋಗುತ್ತದೆ. ನಮ್ಮೂರ ಕೋರ್ಟುಗಳಲ್ಲಿ ವಿಳಂಬ ಮನ್ನಿಸಿ ಎಂದು ಅರ್ಜಿ ಹಾಕಿ ಅಭ್ಯಾಸವಿದ್ದವರು ಆ ಭರವಸೆಯನ್ನು ಇಲ್ಲಿ ಬಿಡುವುದೇ ಲೇಸು. ಕಡತ ದೊಡ್ಡದಾಗಿ ಕೊನೇ ಗಳಿಗೆಯಲ್ಲಿ ಇಮೇಲ್ ಹಿಂದಿರುಗಿ ಬಂದು ಗಡುವು ತಪ್ಪಿದವರಿದ್ದಾರೆ. ಒಂದು ವಾರ ಮುಂಚೆಯೇ ಕಳುಹಿಸಿ, ತಲುಪಿದ ಬಗ್ಗೆ ಉತ್ತರ ಬರುವತನಕ ಬಿಡಬೇಡಿ. ಮೇಲ್ಮನವಿ ನಮೂನೆಯ ಜೊತೆ ತೀರ್ಪು, ಲಿಖಿತ ಕಾರಣಗಳು ಎರಡೂ ಪೂರ್ತಿ ಇರಲಿ. ಒಂದು ಪುಟ ಬಿಟ್ಟುಹೋದರೂ ತಕರಾರು ಏಳಬಹುದು.

ತೀರ್ಪು ಮರುಪರಿಶೀಲಿಸಿ ಎಂದು ಅದೇ ಟ್ರಿಬ್ಯೂನಲ್‌ಗೆ 14 ದಿನದೊಳಗೆ ಕೇಳಬಹುದು. ಪರಿಹಾರದ ಮೊತ್ತ ಕೂಡಿದ್ದು ತಪ್ಪಾಗಿದ್ದರೆ ಅದೇ ಸುಲಭದ ದಾರಿ. ಆದರೆ ಅದರಿಂದ 42 ದಿನದ ಗಡಿಯಾರ ನಿಲ್ಲುವುದಿಲ್ಲ.

ಇನ್ನು ಬರವಣಿಗೆ. ಹೆಚ್ಚಿನ ಮೇಲ್ಮನವಿಗಳು ಬೀಳುವುದು ಇಲ್ಲೇ. ಅಪೀಲ್ ಟ್ರಿಬ್ಯೂನಲ್‌ನಲ್ಲಿ ಕೇಸನ್ನು ಮತ್ತೆ ಮೊದಲಿಂದ ನಡೆಸುವುದಿಲ್ಲ; ನೋಡುವುದು ಕಾನೂನಿನ ತಪ್ಪನ್ನು ಮಾತ್ರ. ‘ಮ್ಯಾನೇಜರ್ ಹೇಳಿದ್ದು ಸುಳ್ಳು, ಟ್ರಿಬ್ಯೂನಲ್ ಅವರನ್ನೇ ನಂಬಿತು’ ಎಂಬುದು ಸತ್ಯಾಂಶದ ಜಗಳ, ನಿಲ್ಲುವುದಿಲ್ಲ. ಕೆಲಸದಿಂದ ತೆಗೆದ ಪ್ರಕರಣದಲ್ಲಿ, ವಿವೇಕವುಳ್ಳ ಮಾಲೀಕ ಹೀಗೆ ಮಾಡಬಹುದಿತ್ತೇ ಎಂದು ನೋಡುವ ಬದಲು ‘ನಾವಾಗಿದ್ದರೆ ತೆಗೆಯುತ್ತಿದ್ದೆವೇ’ ಎಂದು ಟ್ರಿಬ್ಯೂನಲ್ ತೂಗಿದ್ದರೆ, ಅದು ಕಾನೂನಿನ ತಪ್ಪು. ಒಂದು ಅಂಶಕ್ಕೆ ಸಾಕ್ಷ್ಯವೇ ಇಲ್ಲದಿರುವುದು, ಸೋತದ್ದೇಕೆಂದು ತಿಳಿಯದಷ್ಟು ಕಾರಣ ತೆಳುವಾಗಿರುವುದು, ನಿಮ್ಮ ಮಾತು ಕೇಳದೆ ನಿರ್ಧರಿಸಿದ್ದು ಇವೂ ಸಲ್ಲುತ್ತವೆ. ಪ್ರತಿ ಆಕ್ಷೇಪಕ್ಕೂ ಕಾರಣಗಳ ಯಾವ ಪ್ಯಾರಾದಲ್ಲಿ ತಪ್ಪಿದೆ ಎಂದು ಸಂಖ್ಯೆ ಹಾಕಿ. ಗಟ್ಟಿಯಾದ ಮೂರು ಸಾಕು. ಜೊಳ್ಳು ಹದಿನೈದು ಸೇರಿಸಿದರೆ ಕಾಳು ಕಾಣುವುದಿಲ್ಲ.

ಅಪೀಲ್ ಟ್ರಿಬ್ಯೂನಲ್‌ನ ನ್ಯಾಯಾಧೀಶರು ಮೊದಲು ಕಾಗದದ ಮೇಲೆಯೇ ಜರಡಿ ಹಿಡಿಯುತ್ತಾರೆ. ಹುರುಳಿಲ್ಲ ಎಂದರೆ, ಸಾಮಾನ್ಯವಾಗಿ 28 ದಿನದೊಳಗೆ ಮೌಖಿಕ ವಿಚಾರಣೆ ಕೇಳಬಹುದು. ಗೆದ್ದರೂ ಹಣ ತಕ್ಷಣ ಕೈಗೆ ಬರುತ್ತದೆ ಎಂದುಕೊಳ್ಳಬೇಡಿ. ಎಷ್ಟೋ ಪ್ರಕರಣಗಳು ಹೊಸ ವಿಚಾರಣೆಗೆಂದು ಕೆಳಗಿನ ಟ್ರಿಬ್ಯೂನಲ್‌ಗೇ ವಾಪಸಾಗುತ್ತವೆ.