ತಾರೀಫಾದಲ್ಲಿ ಹಾಯಿ ಎತ್ತುವ ಮುಂಚೆ

ಸ್ಪೇನಿನ ದಕ್ಷಿಣ ತುದಿಯ ತಾರೀಫಾ ಮೀನುಗಾರರ ಸಣ್ಣ ಊರು. ಎದುರಿಗೇ ಮೊರಾಕೊದ ಬೆಟ್ಟಗಳು ಕಾಣುತ್ತವೆ. ನಡುವಿನ ಜಿಬ್ರಾಲ್ಟರ್ ಜಲಸಂಧಿ ತೀರಾ ಕಿರಿದಾದ ಕಡೆ ಬರೀ 14 ಕಿಲೋಮೀಟರ್. ಎರಡೂ ದಡದ ಬೆಟ್ಟಗಳ ನಡುವೆ ನುಗ್ಗುವಾಗ ಗಾಳಿಯ ವೇಗ ಏರುತ್ತದೆ. ವಿಂಡ್‌ಸರ್ಫಿಂಗ್, ಅಂದರೆ ಹಾಯಿ ಕಟ್ಟಿದ ಹಲಗೆಯ (ಬೋರ್ಡ್) ಮೇಲೆ ನಿಂತು ಗಾಳಿಯ ಬಲದಿಂದ ನೀರಿನಲ್ಲಿ ಸಾಗುವ ಆಟದ ಹುಚ್ಚಿರುವವರು ಇಲ್ಲಿಗೆ ಮುಗಿಬೀಳುವುದು ಇದಕ್ಕೇ.

ಮೊದಲು ಗಾಳಿ ಯಾವ ದಿಕ್ಕಿನದು ಅಂತ ಕೇಳಿ. ಎಷ್ಟು ಜೋರು ಅನ್ನುವುದು ಆಮೇಲೆ. ಇಲ್ಲಿ ಮುಖ್ಯವಾಗಿ ಎರಡೇ ಗಾಳಿ. ಪೊನಿಯೆಂತೆ ಪಡುವಣದಿಂದ, ಅಟ್ಲಾಂಟಿಕ್ ಕಡೆಯಿಂದ ಬರುತ್ತದೆ. ತಂಪು, ಹೆಚ್ಚಾಗಿ ಒಂದೇ ಹದ. ಲೆವಾಂತೆ ಮೂಡಣ ಗಾಳಿ. ಹಿಡಿದರೆ ದಿನಗಟ್ಟಲೆ ಬಿಡುವುದಿಲ್ಲ. 30 ನಾಟ್, ಅಂದರೆ ಗಂಟೆಗೆ ಸುಮಾರು 55 ಕಿ.ಮೀ. ದಾಟಿದರೂ ಊರಿನವರು ತಲೆ ಕೆಡಿಸಿಕೊಳ್ಳುವುದಿಲ್ಲ.

ದಿಕ್ಕು ತಿಳಿದ ಮೇಲೆ ಬೀಚ್ ಆರಿಸಿ. ಪೊನಿಯೆಂತೆ ಇದ್ದರೆ ಊರಿಗೆ ಅಂಟಿಕೊಂಡಿರುವ ಉದ್ದನೆಯ ಲೋಸ್ ಲಾನ್ಸೆಸ್ ಸಾಕು. ಬಿದ್ದರೂ ಗಾಳಿ ದಡದತ್ತಲೇ ತಳ್ಳುತ್ತದೆ. ಹೊಸಬರು ಇಂಥ ದಿನಕ್ಕೇ ಕಾಯಬೇಕು.

ಲೆವಾಂತೆಯ ದಿನ ಇದೇ ಬೀಚ್ ಮೋಸ ಮಾಡುತ್ತದೆ. ಆಗ ಗಾಳಿ ನೆಲದಿಂದ ಕಡಲಿಗೆ ಬೀಸುತ್ತದೆ, ಹಾಗಾಗಿ ದಡದ ಹತ್ತಿರ ಅಲೆಯೇ ಇರುವುದಿಲ್ಲ. ನೀರು ಕೆರೆಯ ಹಾಗೆ ಕಾಣುತ್ತದೆ. ಸುಮ್ನೆ ಇಳಿಯಬೇಡಿ, ಸ್ವಲ್ಪ ದೂರ ನೋಡಿ. ಅಲ್ಲಿ ಬಿಳಿ ನೊರೆ ಏಳುತ್ತಿದೆ, ಅಲ್ವಾ? ಅಲ್ಲಿಗೆ ಹೋದವರನ್ನು ಗಾಳಿ ಇನ್ನೂ ಆಚೆಗೆ ಒಯ್ಯುತ್ತದೆ. ಲೆವಾಂತೆಗೆ ವಾಲ್ದೆವಾಕೆರೋಸ್ ಕೊಲ್ಲಿ ವಾಸಿ. ಅದರ ಪಡುವಣ ತುದಿಯಲ್ಲಿ ದೊಡ್ಡ ಮರಳುದಿಬ್ಬವಿದೆ. ಗಾಳಿ ಎಳೆದರೂ ಆ ಕಡೆ ದಡ ಸಿಗುವ ಸಾಧ್ಯತೆ ಜಾಸ್ತಿ. ಆ ದಿಬ್ಬವನ್ನು ಬೆಳೆಸಿದ್ದೂ ಇದೇ ಲೆವಾಂತೆ. ಪಕ್ಕದ ರಸ್ತೆ ಆಗಾಗ ಮರಳಿನಡಿ ಹೂತುಹೋಗುತ್ತದೆ. ಕಾರು ನಿಲ್ಲಿಸುವ ಮುಂಚೆ ಇದನ್ನೂ ಯೋಚಿಸಿ!

ಇನ್ನು ಹಾಯಿ. ಸುಮಾರು 75 ಕಿಲೋ ತೂಗುವವರಿಗೆ 15 ನಾಟ್ ಗಾಳಿಗೆ ಆರೂವರೆ ಚದರ ಮೀಟರ್ ಹಾಯಿ ಸರಿ, 30 ನಾಟ್ ಆದರೆ ನಾಲ್ಕರ ಆಸುಪಾಸು. ಅನುಮಾನ ಬಂದರೆ ಚಿಕ್ಕದನ್ನೇ ಕಟ್ಟಿ. ಬೇಸಿಗೆಯಲ್ಲೂ ನೀರು ತಣ್ಣಗಿರುತ್ತದೆ. ಮೈ ಬೆಚ್ಚಗಿಡುವ, ಮೈಗಂಟುವ ವೆಟ್‌ಸೂಟ್ ಉಡುಪು ಬೇಕೇ ಬೇಕು.

ನಡುನೀರಿನಲ್ಲಿ ಏನಾದರೂ ಮುರಿದರೆ ಬೋರ್ಡ್ ಬಿಟ್ಟು ಈಜಲು ಹೋಗಬೇಡಿ. ಎಷ್ಟೇ ಈಜು ಬಂದರೂ ಬೇಡ. ಬೋರ್ಡ್ ಮುಳುಗುವುದಿಲ್ಲ, ದೂರದಿಂದ ಕಾಣುತ್ತದೆ ಕೂಡ. ಅದರ ಮೇಲೆ ಕೂತು ಎರಡೂ ಕೈಗಳನ್ನು ಪಕ್ಕಕ್ಕೆ ಚಾಚಿ ನಿಧಾನವಾಗಿ ಮೇಲೆ ಕೆಳಗೆ ಆಡಿಸಿ. ಸಹಾಯ ಬೇಕು ಅನ್ನುವುದಕ್ಕೆ ಕಡಲಿನಲ್ಲಿ ಎಲ್ಲರಿಗೂ ಗೊತ್ತಿರುವ ಸನ್ನೆ ಅದು. ದಡದಲ್ಲಿರುವ ಜೊತೆಗಾರರಿಗೆ ವಾಪಸ್ ಬರುವ ಹೊತ್ತು ಮೊದಲೇ ಹೇಳಿರಿ. ತಡವಾದರೆ ಅವರು 112ಕ್ಕೆ ಫೋನ್ ಮಾಡಲಿ.